ಅಪ್ಪನ ದನಿ ಯಾಕಷ್ಟು ಜೋರು?

ಹೋದ ವರ್ಷದ ಮಾತು. ಅಪ್ಪ ಊರಿನಿಂದ ಬೆಂಗಳೂರಿಗೆ ಬಂದು ನಾಲ್ಕು ದಿನ ಆಗಿತ್ತು. ನಾನು ಮನೆಯಿಂದಲೇ ಕೆಲಸ ಮಾಡ್ತಾ, ರೂಮಿನ ಬಾಗಿಲು ಹಾಕಿಕೊಂಡು ಒಂದು ಮೀಟಿಂಗಿನಲ್ಲಿ ಕೂತಿದ್ದೆ. ಅಪ್ಪ ಹಾಲಿನಲ್ಲಿ ಕೂತು ಊರಿನ ಯಾರಿಗೋ ಫೋನ್ ಮಾಡಿ ಕೊಬ್ಬರಿ ರೇಟು ವಿಚಾರಿಸ್ತಾ ಇದ್ದರು. ಐದು ನಿಮಿಷದಲ್ಲಿ ಮೀಟಿಂಗಿನಲ್ಲಿದ್ದ ಏಳೂ ಜನಕ್ಕೆ ತಿಪಟೂರು ಮಾರ್ಕೆಟ್ಟಿನ ಆವತ್ತಿನ ಕೊಬ್ಬರಿ ರೇಟು ಗೊತ್ತಾಗಿತ್ತು. ಒಬ್ಬಳು ಸಹೋದ್ಯೋಗಿ ನಗುತ್ತಾ, "ನಿಮ್ಮನೇಲಿ ಜಗಳ ನಡೀತಿದ್ಯಾ?" ಅಂದಳು.

ಮ್ಯೂಟ್ ಒತ್ತಿ ಹಾಲಿಗೆ ಹೋದೆ. "ಅಪ್ಪಾ, ಸ್ವಲ್ಪ ಮೆಲ್ಲಗೆ ಮಾತಾಡಿ, ಇದು ತೋಟ ಅಲ್ಲ" ಅಂದೆ. ಅವರಿಗೆ ಕೇಳಿಸಲಿಲ್ಲ. ಮತ್ತೆ ಹೇಳಿದೆ. "ಆಂ?" ಅಂದರು. ಮೂರನೇ ಸಲ ಕೂಗಿಯೇ ಬಿಟ್ಟೆ. "ಅದಕ್ಯಾಕೆ ಹಂಗೆ ಕಿರುಚ್ತೀಯ, ನಾನೇನು ಕಿವುಡನಾ?" ಅಂದವರು ಫೋನ್ ಇಟ್ಟು ಬಾಲ್ಕನಿಗೆ ಹೋಗಿ ಕೂತರು. ಸಂಜೆವರೆಗೂ ಮಾತಾಡಲಿಲ್ಲ.

ಆವತ್ತು ನನಗೆ ಅವಮಾನ ಆಗಿದ್ದು ನಿಜ. ಆದರೆ ಅವಮಾನ ಆಗಿದ್ದು ಯಾಕೆ ಅಂತ ಯೋಚಿಸಿದಾಗ ಇನ್ನೂ ಕಸಿವಿಸಿ ಆಯ್ತು. ಹದಿನೈದು ವರ್ಷದ ಹಿಂದೆ ನಾನು ಹಾಸ್ಟೆಲ್ಲಿಗೆ ಸೇರಿದಾಗ ನನ್ನ ದನಿಯೂ ಹೀಗೇ ಇತ್ತು. ರೂಮ್‌ಮೇಟುಗಳು "ಲೋ, ಮೈಕ್ ನುಂಗಿದ್ಯೇನೋ" ಅಂತ ರೇಗಿಸ್ತಿದ್ದರು. ಬೈಸಿಕೊಂಡು ಬೈಸಿಕೊಂಡೇ ದನಿ ಇಳಿಸಿಕೊಂಡೆ. ಅಪ್ಪ ಇಳಿಸಿಕೊಳ್ಳಲಿಲ್ಲ, ಅಷ್ಟೇ. ಹಾಗಾದರೆ ಒಂದು ಸದ್ದು ಜೋರಾಗೋದು ಯಾವುದರಿಂದ? ಮೆಲ್ಲಗಾಗೋದು ಯಾವುದರಿಂದ? ನಮಗೆಲ್ಲ ಅದು ವಾಲ್ಯೂಮ್ ಬಟನ್ ಇದ್ದ ಹಾಗೆ: ಮಾತಾಡುವವನ ಕೈಯಲ್ಲಿರುತ್ತೆ, ಬೇಕಾದಾಗ ಏರಿಸಬಹುದು, ಇಳಿಸಬಹುದು. ಕೆಲವು ರಾತ್ರಿ ಕೂತು ಇದರ ಇತಿಹಾಸ ಓದಿದೆ. ಬಟನ್ ಬರೀ ಮಾತಾಡುವವನ ಹತ್ತಿರ ಇರೋದಿಲ್ಲ ಅಂತ ಗೊತ್ತಾಯ್ತು. ಅರ್ಧ ಗೋಡೆಯ ಹತ್ತಿರ ಇರುತ್ತೆ, ಇನ್ನರ್ಧ ಕೇಳುವವನ ಕಿವಿಯೊಳಗೆ.

ಮೊದಲು ಗೋಡೆಯ ಕತೆ. 1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದವರು ಫಾಗ್ ಆರ್ಟ್ ಮ್ಯೂಸಿಯಂ ಅಂತ ಹೊಸ ಕಟ್ಟಡ ಕಟ್ಟಿಸಿದರು. ಅದರೊಳಗೊಂದು ಭರ್ಜರಿ ಲೆಕ್ಚರ್ ಹಾಲು. ಪಾಠ ಶುರುವಾದ ಮೇಲೆ ನೋಡಿದರೆ ಮೇಷ್ಟ್ರು ಹೇಳಿದ ಒಂದು ಮಾತೂ ಯಾರಿಗೂ ಅರ್ಥ ಆಗ್ತಿಲ್ಲ. ಸದ್ದು ಕಡಿಮೆ ಅಂತಲ್ಲ, ಸದ್ದು ಹೋಗ್ತಾನೇ ಇಲ್ಲ! ಒಂದು ಅಕ್ಷರ ಬಾಯಿಂದ ಹೊರಟರೆ ಗೋಡೆಯಿಂದ ಗೋಡೆಗೆ ಬಡಿದು ಸುಮಾರು ಐದೂವರೆ ಸೆಕೆಂಡು ಹಾಲಿನಲ್ಲೇ ಸುತ್ತುತ್ತಿತ್ತು. ಅಷ್ಟರಲ್ಲಿ ಮುಂದಿನ ಹತ್ತಾರು ಅಕ್ಷರಗಳು ಬಂದು ಅದರ ಮೇಲೆ ಬೀಳುತ್ತಿದ್ದವು. ಮೇಷ್ಟ್ರು ದನಿ ಏರಿಸಿದರೆ ಗಲಾಟೆಯೂ ಅಷ್ಟೇ ಏರುತ್ತಿತ್ತು.

ಇದನ್ನು ಸರಿ ಮಾಡು ಅಂತ ವಿಶ್ವವಿದ್ಯಾಲಯದ ಅಧ್ಯಕ್ಷರು ವಾಲೇಸ್ ಸಬೀನ್ ಎಂಬ ಭೌತಶಾಸ್ತ್ರದ ಮೇಷ್ಟ್ರಿಗೆ ಹೇಳಿದರು. ಆತನಿಗೆ ಆಗ ಇಪ್ಪತ್ತೇಳು ವರ್ಷ. ನಮ್ಮಲ್ಲಿ ಹೊಸದಾಗಿ ಸೇರಿದ ಜೂನಿಯರ್ ತಲೆಗೆ ಯಾರೂ ಮುಟ್ಟದ ಹಳೇ ಬಗ್ ಕಟ್ಟುತ್ತಾರಲ್ಲ, ಹಾಗೆ. ಆತ ಮಾಡಿದ್ದು ನೋಡಿ. ಹಗಲು ಹೊರಗಿನ ಸದ್ದು ಜಾಸ್ತಿ ಅಂತ ರಾತ್ರಿ ಕೆಲಸಕ್ಕೆ ಕೂತ. ಪಕ್ಕದ ಸ್ಯಾಂಡರ್ಸ್ ಥಿಯೇಟರಿನಿಂದ ಸೀಟಿನ ದಿಂಬುಗಳನ್ನು ಹೊರಿಸಿಕೊಂಡು ಬಂದು ಹಾಲಿನಲ್ಲಿ ಜೋಡಿಸುವುದು. ಆರ್ಗನ್ ವಾದ್ಯದ ಒಂದು ಕೊಳವೆ ಊದಿಸಿ ನಿಲ್ಲಿಸುವುದು. ಸದ್ದು ಪೂರ್ತಿ ಅಡಗುವವರೆಗೆ ಎಷ್ಟು ಸೆಕೆಂಡು ಆಯ್ತು ಅಂತ ತನ್ನ ಕಿವಿಯಿಂದಲೇ ಕೇಳಿ ಬರೆದುಕೊಳ್ಳುವುದು. ಇನ್ನಷ್ಟು ದಿಂಬು ತರಿಸುವುದು, ಮತ್ತೆ ಊದಿಸುವುದು. ಬೆಳಗಾಗುವಷ್ಟರಲ್ಲಿ ದಿಂಬೆಲ್ಲ ವಾಪಸ್. ಹೀಗೆ ವರ್ಷಗಟ್ಟಲೆ.

1898ರ ಹೊತ್ತಿಗೆ ಲೆಕ್ಕ ಕೂಡಿಬಂತು. ಸದ್ದು ಎಷ್ಟು ಹೊತ್ತು ನಿಲ್ಲುತ್ತೆ ಅನ್ನೋದು ಹಾಲಿನ ಗಾತ್ರ ದೊಡ್ಡದಾದಷ್ಟೂ ಹೆಚ್ಚು, ಒಳಗೆ ಸದ್ದು ಹೀರಿಕೊಳ್ಳುವ ವಸ್ತು ಇದ್ದಷ್ಟೂ ಕಡಿಮೆ. ಇವತ್ತಿಗೂ ಆರ್ಕಿಟೆಕ್ಟುಗಳು ಬಳಸೋದು ಸಬೀನನ ಇದೇ ಸೂತ್ರ. 1900ರಲ್ಲಿ ತೆರೆದ ಬಾಸ್ಟನ್ ಸಿಂಫನಿ ಹಾಲ್ ಈ ಲೆಕ್ಕ ಇಟ್ಟುಕೊಂಡೇ ಕಟ್ಟಿದ್ದು. ಜಗತ್ತಿನ ಅತ್ಯುತ್ತಮ ಸಂಗೀತ ಸಭಾಂಗಣಗಳ ಪಟ್ಟಿಯಲ್ಲಿ ಅದರ ಹೆಸರು ಈಗಲೂ ಬರುತ್ತೆ.

ನನಗೆ ಬಹಳ ಇಷ್ಟ ಆಗಿದ್ದು ಆತ ಆರಿಸಿಕೊಂಡ ಅಳತೆಗೋಲು. ಸದ್ದನ್ನು ಪೂರ್ತಿ ನುಂಗಿಹಾಕುವ ವಸ್ತು ಯಾವುದು? ತೆರೆದ ಕಿಟಕಿ. ಕಿಟಕಿಯಿಂದ ಆಚೆ ಹೋದ ಸದ್ದು ಒಳಗೆ ಬರೋದಿಲ್ಲ. ಅದಕ್ಕೇ ಸಬೀನ್ ಪ್ರತಿ ವಸ್ತುವನ್ನೂ 'ಇದು ಎಷ್ಟು ಕಿಟಕಿಗೆ ಸಮ' ಅಂತ ಅಳೆದ. ಈ ಲೆಕ್ಕದಲ್ಲಿ ನಮ್ಮೂರಿನ ಬಯಲು ಏನು ಹೇಳಿ? ನಾಲ್ಕೂ ಕಡೆ ಗೋಡೆ ಇಲ್ಲ, ಮೇಲೆ ಸೂರಿಲ್ಲ, ಬರೀ ಕಿಟಕಿ. ಅಲ್ಲಿ ಮಾತಾಡಿದರೆ ಸದ್ದನ್ನು ಹಿಡಿದು ವಾಪಸ್ ಕೊಡುವವರೇ ಇಲ್ಲ. ದೂರ ಎರಡರಷ್ಟಾದರೆ ಕಿವಿಗೆ ತಲುಪುವ ಶಕ್ತಿ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತೆ. ನಾಲ್ಕರಷ್ಟಾದರೆ ಹದಿನಾರನೇ ಒಂದು. ತೋಟದ ಈ ಬದುವಿನಿಂದ ಆ ಬದುವಿಗೆ "ಮೋಟ್ರು ಆಫ್ ಮಾಡೋ" ಅಂತ ಹೇಳಬೇಕಾದವನು ಕೂಗದೇ ಇರೋಕಾಗುತ್ತಾ? ಅದೇ ಗಂಟಲು ನಮ್ಮ ಅಪಾರ್ಟ್‌ಮೆಂಟಿಗೆ ಬಂದರೆ, ಇಲ್ಲಿ ನೆಲಕ್ಕೆ ವಿಟ್ರಿಫೈಡ್ ಟೈಲ್ಸು, ಗೋಡೆಗೆ ನುಣುಪು ಪುಟ್ಟಿ, ಬಾಲ್ಕನಿಗೆ ಗಾಜು. ಪ್ರತಿಯೊಂದೂ ಸದ್ದನ್ನು ಹೊಡೆದು ವಾಪಸ್ ಕಳಿಸುತ್ತೆ. ನಾನು ಸೋಫಾ ಬಿಟ್ಟರೆ ಬೇರೇನೂ ತಂದಿಟ್ಟಿರಲಿಲ್ಲ. ಅಪ್ಪನ ದನಿಗೆ ನಮ್ಮ ಹಾಲೇ ಮೈಕು ಹಿಡಿದಿತ್ತು.

ಗೋಡೆಯ ಈ ಆಟ ನಮ್ಮವರಿಗೇನೂ ಹೊಸದಲ್ಲ. ಹೈಸ್ಕೂಲಿನಲ್ಲಿ ಟೂರ್ ಹೋದಾಗ ಬಿಜಾಪುರದ ಗೋಳಗುಮ್ಮಟದ ಮೇಲೆ ಹತ್ತಿ ನಾವೆಲ್ಲ ಗಂಟಲು ಹರಿಯೋ ಹಾಗೆ ಕೂಗಿದ್ದೆವು. ಎಲ್ಲರ ಕೂಗೂ ಕಲಸಿ ಏನೂ ತಿಳಿಯಲಿಲ್ಲ. ಆಮೇಲೆ ಅಲ್ಲಿದ್ದವರೊಬ್ಬರು ನಮ್ಮನ್ನೆಲ್ಲ ಸುಮ್ಮನಿರಿಸಿ, ಗೋಡೆಗೆ ಬಾಯಿ ಹತ್ತಿರ ಇಟ್ಟು ಪಿಸುಗುಟ್ಟಿದರು. ಎದುರು ಬದಿಯಲ್ಲಿದ್ದ ನನಗೆ ಅದು ಕಿವಿ ಪಕ್ಕದಲ್ಲೇ ಹೇಳಿದಂತೆ ಕೇಳಿಸಿತು. ಹದಿನೇಳನೇ ಶತಮಾನದಲ್ಲಿ ಮುಹಮ್ಮದ್ ಆದಿಲ್ ಶಾನ ಸಮಾಧಿಗಾಗಿ ಕಟ್ಟಿದ ಆ ಗುಮ್ಮಟದ ದುಂಡು ಗೋಡೆ, ಸದ್ದು ನಾಲ್ಕೂ ಕಡೆ ಚೆಲ್ಲಿ ಹೋಗದ ಹಾಗೆ ತನ್ನ ಮೈಗೆ ಅಂಟಿಸಿಕೊಂಡು ಸಾಗಿಸುತ್ತೆ. ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನ ಗುಮ್ಮಟದಲ್ಲೂ ಇದೇ ಚಮತ್ಕಾರ. ನಮ್ಮ ಸಿ. ವಿ. ರಾಮನ್ 1920ರ ದಶಕದ ಆರಂಭದಲ್ಲಿ ಸೇಂಟ್ ಪಾಲ್ಸ್‌ನಲ್ಲೂ ಗೋಳಗುಮ್ಮಟದಲ್ಲೂ ಇದನ್ನು ಅಧ್ಯಯನ ಮಾಡಿ ಬರೆದಿದ್ದಾರೆ. ಬೆಳಕಿನ ಕೆಲಸಕ್ಕೆ ನೊಬೆಲ್ ಬರುವುದಕ್ಕೆ ಮುಂಚೆ ಅವರು ಸದ್ದಿನ ಹಿಂದೆ ಬಿದ್ದಿದ್ದವರು.

ಸರಿ, ಬಯಲಿನ ಗಂಟಲು, ಟೈಲ್ಸಿನ ಮನೆ. ಅಷ್ಟಕ್ಕೇ ಕತೆ ಮುಗಿದಿದ್ದರೆ ಎರಡು ಕರ್ಟನ್ನು, ಒಂದು ಕಾರ್ಪೆಟ್ಟು ತಂದು ಹಾಕಿ ನಾನು ಸುಮ್ಮನಾಗ್ತಿದ್ದೆ. ತಂದೂ ಹಾಕಿದೆ. ಮನೆಯ ಗದ್ದಲ ಸ್ವಲ್ಪ ಕಡಿಮೆ ಆಯ್ತು. ಅಪ್ಪನ ದನಿ ಆಗಲಿಲ್ಲ.

ಯಾಕೆಂದರೆ ಅಪ್ಪ ಬರೀ ತೋಟದ ಮನುಷ್ಯ ಅಲ್ಲ. 1991ರಿಂದ 2017ರವರೆಗೆ, ಇಪ್ಪತ್ತಾರು ವರ್ಷ, ಊರಿನಲ್ಲಿ ರಾಗಿ ಬೀಸುವ ಮಿಲ್ಲು ನಡೆಸಿದವರು. ಹತ್ತಡಿ ಹದಿನೈದಡಿಯ ಶೀಟಿನ ಕೋಣೆ. ಒಳಗೆ ಮೋಟರು, ಬೆಲ್ಟು, ಬೀಸುವ ಕಲ್ಲು. ಬೆಳಗ್ಗೆ ಎಂಟಕ್ಕೆ ಶುರುವಾದರೆ ಕರೆಂಟ್ ಇರುವವರೆಗೂ ಓಡುತ್ತಿತ್ತು. ಮೈಯೆಲ್ಲ ಬೆಳ್ಳಗೆ ಹಿಟ್ಟು ಮೆತ್ತಿಕೊಂಡು, "ಎಷ್ಟು ಸೇರು?" "ನುಣ್ಣಗೆ ಬೇಕಾ, ತರಿ ಬೇಕಾ?" ಅಂತ ದಿನಕ್ಕೆ ನೂರು ಸಲ ಆ ಸದ್ದಿನ ಮೇಲೆ ಕೂಗುತ್ತಿದ್ದರು. ಬಂದವರೂ ಕೂಗುತ್ತಿದ್ದರು. ನನ್ನ ಬಿಇ ಫೀಸು ಹುಟ್ಟಿದ್ದು ಆ ಕೋಣೆಯಲ್ಲೇ.

ಗದ್ದಲದಲ್ಲಿ ದನಿ ತಾನಾಗೇ ಏರುತ್ತೆ ಅನ್ನೋದನ್ನು ಮೊದಲು ವಿವರವಾಗಿ ಬರೆದಿಟ್ಟವನು ಫ್ರಾನ್ಸಿನ ಕಿವಿ-ಮೂಗು-ಗಂಟಲು ಡಾಕ್ಟರ್ ಎಟಿಯೆನ್ ಲೊಂಬಾರ್, 1911ರಲ್ಲಿ. ಆತ ರೋಗಿಗೆ ಜೋರಾಗಿ ಓದೋಕೆ ಹೇಳಿ, ಓದ್ತಾ ಇರುವಾಗ ಕಿವಿಗೆ ಒಂದು ಯಂತ್ರದಿಂದ ಗದ್ದಲ ಬಿಡುತ್ತಿದ್ದ. ರೋಗಿಯ ದನಿ ಅವನಿಗೇ ಗೊತ್ತಿಲ್ಲದ ಹಾಗೆ ಏರುತ್ತಿತ್ತು. ಗದ್ದಲ ನಿಲ್ಲಿಸಿದ ತಕ್ಷಣ ಇಳಿಯುತ್ತಿತ್ತು. ಕಿವುಡು ಅಂತ ನಾಟಕ ಆಡುವವರನ್ನು ಹಿಡಿಯೋಕೂ ಇದು ಒಳ್ಳೆ ಉಪಾಯವಾಯ್ತು. ನಿಜವಾಗಿ ಕೇಳಿಸದವನ ದನಿ ಏರೋದಿಲ್ಲವಲ್ಲ! ಮದುವೆ ಮನೆಯ ಊಟದ ಪಂಕ್ತಿಯಲ್ಲಿ, ಪಬ್ಬಿನಲ್ಲಿ, ಬಸ್ಸಿನಲ್ಲಿ ನಾವೆಲ್ಲ ಮಾಡೋದು ಇದನ್ನೇ. ಇದಕ್ಕೆ ಇಂದಿಗೂ ಲೊಂಬಾರ್ ಪರಿಣಾಮ ಅಂತಲೇ ಹೆಸರು.

ಆದರೆ ಲೊಂಬಾರನ ಪ್ರಯೋಗದಲ್ಲಿ ಗದ್ದಲ ನಿಂತ ಕೂಡಲೇ ದನಿ ಇಳಿಯಿತು. ಅಪ್ಪನ ಮಿಲ್ಲು ನಿಂತು ಎಷ್ಟೋ ವರ್ಷ ಆಯ್ತು. ದನಿ ಯಾಕೆ ಇಳಿಯಲಿಲ್ಲ?

ಇದಕ್ಕೆ ಉತ್ತರ ಸಿಕ್ಕಿದ್ದು ಇನ್ನೂ ಹಿಂದೆ ಹೋದಾಗ. 1713ರಷ್ಟು ಹಿಂದೆಯೇ ಇಟಲಿಯ ಬರ್ನಾರ್ಡಿನೊ ರಾಮಜ್ಜಿನಿ ಎಂಬ ವೈದ್ಯ, ಕಸುಬುಗಳಿಂದ ಬರುವ ಕಾಯಿಲೆಗಳ ಬಗ್ಗೆ ಬರೆದ ತನ್ನ ಪುಸ್ತಕದಲ್ಲಿ ವೆನಿಸ್ಸಿನ ಕಂಚುಗಾರರ ಬಗ್ಗೆ ಹೇಳಿದ್ದಾನೆ. ಒಂದೇ ಕೇರಿಯಲ್ಲಿ ಕೂತು ದಿನವಿಡೀ ತಾಮ್ರ ಬಡಿಯುವ ಅವರಿಗೆ ಕಿವಿ ಮಂದವಾಗುತ್ತೆ, ವಯಸ್ಸಾಗುವ ಹೊತ್ತಿಗೆ ಪೂರ್ತಿ ಕಿವುಡಾಗುತ್ತೆ ಅಂತ. ಆಮೇಲೆ ಬಂತು ಹಬೆ ಯಂತ್ರಗಳ ಕಾಲ. ಸ್ಕಾಟ್ಲೆಂಡಿನ ಗ್ಲಾಸ್ಗೊ ಊರಿನಲ್ಲಿ ಹಡಗುಗಳಿಗೆ ಬಾಯ್ಲರ್ ಮಾಡುವ ಕಾರ್ಖಾನೆಗಳು. ಕಾದ ರಿವೆಟ್ಟನ್ನು ಹೊರಗಿನಿಂದ ಸುತ್ತಿಗೆಯಲ್ಲಿ ಬಡಿಯುವಾಗ ಒಬ್ಬ ಕೆಲಸಗಾರ ಬಾಯ್ಲರ್ ಒಳಗೆ ಕೂತು ಅದನ್ನು ಒತ್ತಿ ಹಿಡಿಯಬೇಕು. ಕಬ್ಬಿಣದ ಡ್ರಮ್ಮಿನೊಳಗೆ ಕೂತಿದ್ದೀರಿ, ಹೊರಗೆ ನಾಲ್ಕು ಜನ ಬಡೀತಿದಾರೆ ಅಂತ ಅಂದುಕೊಳ್ಳಿ. ಸಬೀನನ ಕಿಟಕಿ ಅಲ್ಲಿ ಒಂದೂ ಇಲ್ಲ.

1886ರಲ್ಲಿ ಥಾಮಸ್ ಬಾರ್ ಎಂಬ ಗ್ಲಾಸ್ಗೊದ ಕಿವಿ ಡಾಕ್ಟರ್ ಇಂಥ ನೂರು ಜನ ಬಾಯ್ಲರ್ ಕೆಲಸಗಾರರನ್ನು ಪರೀಕ್ಷಿಸಿದ. ಸದ್ದು ಅಳೆಯುವ ಯಂತ್ರ ಆಗ ಇರಲಿಲ್ಲ. ಆತ ಬಳಸಿದ್ದು ಜೇಬಿನ ಗಡಿಯಾರ. ಟಿಕ್ ಟಿಕ್ ಸದ್ದು ಎಷ್ಟು ಇಂಚು ದೂರದವರೆಗೆ ಕೇಳಿಸುತ್ತೆ ಅಂತ ಒಬ್ಬೊಬ್ಬರನ್ನೂ ಕೇಳಿದ. ಹೋಲಿಕೆಗೆ ಅಚ್ಚು ಎರಕ ಹೊಯ್ಯುವವರನ್ನೂ ಅಂಚೆಯವರನ್ನೂ ಕರೆಸಿದ. ಇವತ್ತಿನ ಭಾಷೆಯಲ್ಲಿ ಕಂಟ್ರೋಲ್ ಗ್ರೂಪ್. ನೂರು ಬಾಯ್ಲರ್ ಕೆಲಸಗಾರರಲ್ಲಿ ಸರಿಯಾಗಿ ಕಿವಿ ಕೇಳುವವರು ಎಷ್ಟು ಮಂದಿ ಇದ್ದರು ಗೊತ್ತಾ? ಒಬ್ಬನೂ ಇಲ್ಲ. ಮುಕ್ಕಾಲು ಭಾಗದವರಿಗೆ ಸಾರ್ವಜನಿಕ ಸಭೆಯಲ್ಲಿ ಕೂತರೆ ಭಾಷಣ ಕೇಳಿಸೋದೇ ಕಷ್ಟವಾಗಿತ್ತು. ಅಂಚೆಯವರಲ್ಲಿ ಅಂಥವರು ಬಹಳ ಕಮ್ಮಿ.

ಇದನ್ನು ಓದಿದ ರಾತ್ರಿ ಪಕ್ಕದ ರೂಮಿನಲ್ಲಿ ಅಪ್ಪ ಟಿವಿ ಹಾಕಿಕೊಂಡಿದ್ದರು. ವಾಲ್ಯೂಮು 48. "ಕಿವುಡನಾ?" ಅಂತ ಅವರು ಕೇಳಿದ ಪ್ರಶ್ನೆಗೆ ಉತ್ತರ ಹೌದು ಅಂತ ನನಗೆ ಹೊಳೆದದ್ದು ಅವಾಗ. ಇಷ್ಟು ವರ್ಷ ನಮ್ಮ ಮನೆಯವರೆಲ್ಲ ಅದನ್ನು ಅಪ್ಪನ ಸ್ವಭಾವ ಅಂದುಕೊಂಡಿದ್ದೆವು. "ಅವರ ದನಿಯೇ ಹಂಗೆ" ಅಂತ. ತನ್ನ ದನಿ ತನಗೇ ಸರಿಯಾಗಿ ಕೇಳಿಸದವನು ಅದನ್ನು ಇಳಿಸೋದಾದರೂ ಹೇಗೆ?

ಮರುವಾರ ಸಬೂಬು ಹೇಳಿ ಕಿವಿ ಪರೀಕ್ಷೆಗೆ ಕರೆದುಕೊಂಡು ಹೋದೆ. ಅಲ್ಲಿ ಕೊಟ್ಟ ಗ್ರಾಫ್ ಹಾಳೆಯ ಒಂದು ಬದಿಯಲ್ಲಿ ಬರೆದಿದ್ದದ್ದು ಡೆಸಿಬಲ್. ಕಾಲೇಜಿನಲ್ಲಿ ಎರಡು ಮಾರ್ಕ್ಸಿನ ಪ್ರಶ್ನೆಗೆ ಉರು ಹೊಡೆದಿದ್ದೆ: ಎರಡು ಶಕ್ತಿಗಳ ಅನುಪಾತದ ಲಾಗ್, ಗುಣಿಸು ಹತ್ತು. ಅದು ಎಲ್ಲಿಂದ ಬಂತು ಅಂತ ಯಾವ ಮೇಷ್ಟ್ರೂ ಹೇಳಿರಲಿಲ್ಲ.

ಅದು ಬಂದದ್ದು ಟೆಲಿಫೋನ್ ತಂತಿಯಿಂದ. ನೂರು ವರ್ಷದ ಹಿಂದೆ ಅಮೆರಿಕದ ಬೆಲ್ ಟೆಲಿಫೋನ್ ಕಂಪನಿಯ ಇಂಜಿನಿಯರುಗಳಿಗೆ ಇದ್ದ ತಲೆನೋವು, ತಂತಿ ಉದ್ದವಾದಷ್ಟೂ ಮಾತು ಕ್ಷೀಣವಾಗುತ್ತೆ ಅನ್ನೋದು. ಎಷ್ಟು ಕ್ಷೀಣ ಅಂತ ಹೇಳೋಕೆ ಅವರು 'ಒಂದು ಮೈಲಿ ಸ್ಟ್ಯಾಂಡರ್ಡ್ ಕೇಬಲ್' ಅಂತ ಲೆಕ್ಕ ಇಟ್ಟಿದ್ದರು. ಒಂದು ಮೈಲಿ ತಂತಿಯಲ್ಲಿ ಆಗುವ ನಷ್ಟ ಅಂದರೆ ಸಾಮಾನ್ಯ ಕಿವಿ ಗುರುತಿಸಬಲ್ಲ ಅತಿ ಸಣ್ಣ ವ್ಯತ್ಯಾಸಕ್ಕೆ ಹತ್ತಿರ. 1924ರಲ್ಲಿ ಅದನ್ನು ಬಿಟ್ಟು ಲಾಗ್ ಆಧಾರದ 'ಟ್ರಾನ್ಸ್‌ಮಿಷನ್ ಯೂನಿಟ್' ತಂದರು. ನಾಲ್ಕು ವರ್ಷದ ನಂತರ, ಟೆಲಿಫೋನ್ ಕಂಡುಹಿಡಿದ ಅಲೆಕ್ಸಾಂಡರ್ ಗ್ರಹಾಂ ಬೆಲ್ ನೆನಪಿಗೆ ಅದಕ್ಕೆ ಡೆಸಿಬಲ್ ಅಂತ ಹೆಸರಿಟ್ಟರು. ಬೆಲ್‌ನ ಹತ್ತನೇ ಒಂದು ಭಾಗ.

ಲಾಗ್ ಯಾಕೆ ಬೇಕಿತ್ತು? ನಮ್ಮ ಕಿವಿ ಕೇಳುವ ಅತಿ ಮೆಲ್ಲನೆ ಸದ್ದಿಗೂ ನೋವಾಗುವಷ್ಟು ಜೋರಾದ ಸದ್ದಿಗೂ ಶಕ್ತಿಯಲ್ಲಿ ಸುಮಾರು ಒಂದು ಲಕ್ಷ ಕೋಟಿ ಪಟ್ಟು ವ್ಯತ್ಯಾಸ ಇದೆ. ಅಷ್ಟು ಸೊನ್ನೆ ಬರೆಯುವ ಬದಲು 0ಯಿಂದ 120 ಡೆಸಿಬಲ್ ಅಂತ ಬರೆದರೆ ಮುಗೀತು. ಆದರೆ ಈ ಚಿಕ್ಕ ಅಂಕಿಗಳು ಮೋಸ ಮಾಡುತ್ತವೆ. ಒಂದು ಮಿಲ್ಲಿನ ಪಕ್ಕ ಅಂಥದ್ದೇ ಇನ್ನೊಂದು ಮಿಲ್ಲು ಶುರು ಮಾಡಿದರೆ ಏರುವುದು ಮೂರೇ ಡೆಸಿಬಲ್. ಹತ್ತು ಮಿಲ್ಲು ಒಟ್ಟಿಗೆ ಓಡಿದರೆ ಏರುವುದು ಹತ್ತು. ಆಗ ನಮ್ಮ ಕಿವಿಗೆ ಅನಿಸೋದು ಸುಮಾರು ಎರಡು ಪಟ್ಟು ಜೋರು ಅಂತ ಅಷ್ಟೇ. ಶಕ್ತಿ ಹತ್ತು ಪಟ್ಟು ಬಡಿದರೂ ಕಿವಿ 'ಎರಡು ಪಟ್ಟು' ಅಂತ ಸಮಾಧಾನ ಹೇಳುತ್ತೆ. ಇಪ್ಪತ್ತಾರು ವರ್ಷ ಅಪ್ಪನಿಗೂ ಹಾಗೇ ಹೇಳಿರಬೇಕು.

ಅಳತೆ ಸಿಕ್ಕಿದ ಮೇಲೆ ಊರುಗಳೂ ತಮ್ಮ ಗದ್ದಲ ಅಳೆದುಕೊಂಡವು. 1929ರಲ್ಲಿ ನ್ಯೂಯಾರ್ಕ್ ನಗರ ಗದ್ದಲ ತಗ್ಗಿಸಲು ಒಂದು ಆಯೋಗ ಮಾಡಿ, ಲಾರಿಯಲ್ಲಿ ಯಂತ್ರ ಇಟ್ಟು ಬೀದಿ ಬೀದಿ ಸುತ್ತಿಸಿತು. ಮರುವರ್ಷ ಬಂದ ವರದಿಯಲ್ಲಿ ಒಂದು ಮಜಾ ಇದೆ. ನಗರದ ಕೆಲವು ಕಡೆ ಬಂಗಾಳದ ಹುಲಿ ಬಂದು ಘರ್ಜಿಸಿದರೂ ದಾರಿಹೋಕರ ಕಿವಿಗೆ ಬೀಳೋದಿಲ್ಲ ಅಂತ ಅವರು ಲೆಕ್ಕ ಹಾಕಿ ಬರೆದಿದ್ದರು. ಸಿಲ್ಕ್ ಬೋರ್ಡಿನಲ್ಲಿ ನಿಂತವರಿಗೆ ಇದು ಉತ್ಪ್ರೇಕ್ಷೆ ಅನಿಸಲಿಕ್ಕಿಲ್ಲ.

ಅದೇ ಟೆಲಿಫೋನ್ ಕಂಪನಿಯ ಹಾರ್ವಿ ಫ್ಲೆಚರ್ ಎಂಬ ವಿಜ್ಞಾನಿ ಕಿವಿಯನ್ನೂ ಅಳೆಯಲು ಹೊರಟ. ಕಿವಿ ಪರೀಕ್ಷೆಯ ಯಂತ್ರ, ಆಡಿಯೋಮೀಟರ್, ಅಲ್ಲಿಂದಲೇ ಆಸ್ಪತ್ರೆಗಳಿಗೆ ಬಂತು. 1933ರಲ್ಲಿ ಫ್ಲೆಚರ್ ಮತ್ತು ಮನ್ಸನ್ ಸೇರಿ ಜನರಿಗೆ ಬೇರೆ ಬೇರೆ ಸ್ವರ ಕೇಳಿಸಿ, ಯಾವುದು ಯಾವುದರಷ್ಟೇ ಜೋರು ಅಂತ ಕೇಳಿ ನಕ್ಷೆ ಬರೆದರು. ಆಗ ತಿಳಿದದ್ದು, ಕಿವಿ ಎಲ್ಲ ಸ್ವರವನ್ನೂ ಒಂದೇ ತಕ್ಕಡಿಯಲ್ಲಿ ತೂಗೋದಿಲ್ಲ. ಒಂದೇ ಶಕ್ತಿಯ ಎರಡು ಸದ್ದಿನಲ್ಲಿ ತಗ್ಗಿನ ಸ್ವರ ಮೆಲ್ಲಗೆ ಕೇಳಿಸುತ್ತೆ. 3000-4000 ಹರ್ಟ್ಸ್ ಹತ್ತಿರದ್ದು ಜೋರಾಗಿ ಕೇಳಿಸುತ್ತೆ. ಕಿವಿ ಅತಿ ಚುರುಕಾಗಿರುವ ಜಾಗ ಅದು. ಗದ್ದಲದಿಂದ ಕಿವಿ ಕೆಟ್ಟಾಗ ಮೊದಲು ಹೋಗೋದೂ ಹೆಚ್ಚುಕಮ್ಮಿ ಅದೇ ಜಾಗ. ಒಳಗಿವಿಯಲ್ಲಿ ಸದ್ದು ಹಿಡಿಯುವ ಕೂದಲಿನಂಥ ಕೋಶಗಳು ಪ್ರತಿ ಕಿವಿಯಲ್ಲೂ ಸುಮಾರು ಹದಿನೈದು ಸಾವಿರ ಮಾತ್ರ. ಮನುಷ್ಯನಲ್ಲಿ ಒಂದು ಸಲ ಸತ್ತರೆ ಅವು ಮತ್ತೆ ಹುಟ್ಟೋದಿಲ್ಲ.

ಅಪ್ಪನ ಹಾಳೆಯಲ್ಲೂ ಹಾಗೇ ಇತ್ತು. 1000 ಹರ್ಟ್ಸ್‌ವರೆಗೆ ಗೆರೆ 25 ಡೆಸಿಬಲ್ ಆಸುಪಾಸಿನಲ್ಲಿ ನೆಟ್ಟಗೆ ಹೋಗಿ, 4000ಕ್ಕೆ ಬರುವಷ್ಟರಲ್ಲಿ ಬಾವಿಗೆ ಬಿದ್ದ ಹಾಗೆ 65ಕ್ಕೆ ಇಳಿದಿತ್ತು. ನಲವತ್ತು ಡೆಸಿಬಲ್ ವ್ಯತ್ಯಾಸ ಅಂದರೆ ಹತ್ತು ಸಾವಿರ ಪಟ್ಟು. ಪರೀಕ್ಷೆ ಮಾಡಿದ ಹುಡುಗಿ ಗೆರೆ ನೋಡಿದ್ದೇ ಕೇಳಿದ ಮೊದಲ ಪ್ರಶ್ನೆ: "ಯಾವುದಾದ್ರೂ ಫ್ಯಾಕ್ಟರೀಲಿ ಕೆಲಸ ಮಾಡ್ತಿದ್ರಾ?"

ಆಕೆ ಹೇಳಿದ್ದು ಕೇಳಿ ನಮ್ಮ ಮನೆಯ ಎಷ್ಟೋ ಜಗಳಗಳ ಅರ್ಥ ಬಿಚ್ಚಿಕೊಂಡಿತು. ಅ, ಆ, ಓ ಇಂಥ ಸ್ವರಗಳು ತಗ್ಗಿನಲ್ಲಿರುತ್ತವೆ, ಶಕ್ತಿಯೂ ಜಾಸ್ತಿ. ಅವು ಅಪ್ಪನಿಗೆ ಕೇಳಿಸುತ್ತವೆ. ಸ, ಶ, ಚ, ತ, ಕ ಇವುಗಳ ಗುರುತು ಇರೋದು ಮೇಲಿನ ಸ್ವರಗಳಲ್ಲಿ, ಅದೂ ಕ್ಷೀಣವಾಗಿ. ಅವು ಜಾರಿಹೋಗುತ್ತವೆ. ಹಾಗಾಗಿ ಯಾರೋ ಮಾತಾಡ್ತಿದಾರೆ ಅನ್ನೋದು ಗೊತ್ತಾಗುತ್ತೆ, ಏನು ಅನ್ನೋದು ಗೊತ್ತಾಗಲ್ಲ. ಒಂದು ಸಲ ಕಾರಿನ ಕಂತು ಕಟ್ಟಿ ಮುಗಿಸಿದ ಖುಷಿಯಲ್ಲಿ "ಅಪ್ಪಾ, ಸಾಲ ಮುಗೀತು" ಅಂದಿದ್ದೆ. "ಕಾಲ ಮುಗೀತಾ? ಯಾರ್ದೋ?" ಅಂತ ಗಾಬರಿಯಿಂದ ಎದ್ದು ನಿಂತಿದ್ದರು. ಆಗ ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು.

ಇನ್ನೊಂದು ವಿಷಯ. ಹೀಗೆ ಕೆಟ್ಟ ಕಿವಿಗೆ ಮೆಲ್ಲನೆಯದು ಕೇಳಿಸೋದೇ ಇಲ್ಲ, ಜೋರಿನದ್ದು ಮಾತ್ರ ನಮ್ಮಷ್ಟೇ ಜೋರಾಗಿ ಕೇಳಿಸುತ್ತೆ. ಮಧ್ಯದ ಅಂತರ ಕಿರಿದಾಗಿಬಿಟ್ಟಿರುತ್ತೆ. ಎರಡು ಸಲ ಹೇಳಿದರೂ "ಆಂ?" ಅನ್ನುವವರು ಮೂರನೇ ಸಲಕ್ಕೆ "ಯಾಕೆ ಕಿರುಚ್ತೀಯ?" ಅಂತಾರಲ್ಲ, ಅದು ನಾಟಕ ಅಲ್ಲ, ಸಿಟ್ಟೂ ಅಲ್ಲ. ಅವರಿಗೆ ಮೊದಲೆರಡು ಸಲ ನಿಜವಾಗಲೂ ಕೇಳಿಸಿಲ್ಲ, ಮೂರನೆಯದು ನಿಜವಾಗಲೂ ಕಿವಿಗೆ ಹೊಡೆದಿದೆ. ನಿಮ್ಮ ಮನೆಯಲ್ಲೂ ಇಂಥ ಅಜ್ಜನೋ ಅತ್ತೆಯೋ ಇದ್ದರೆ ಇದೊಂದು ನೆನಪಿಟ್ಟುಕೊಳ್ಳಿ.

ಕಾನೂನು ಏನು ಹೇಳುತ್ತೆ ಅಂತಲೂ ನೋಡಿದೆ. ಅಪ್ಪ ಮಿಲ್ಲು ನಡೆಸುತ್ತಿದ್ದ ಕಾಲದಲ್ಲಿ ಕಾರ್ಖಾನೆಗಳಿಗೆ ನಮ್ಮಲ್ಲಿದ್ದ ಮಿತಿ ದಿನಕ್ಕೆ 8 ಗಂಟೆಗೆ 90 ಡೆಸಿಬಲ್. ಗದ್ದಲದಿಂದ ಬರುವ ಕಿವುಡು ಆಗ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ ಕಸುಬಿನ ಕಾಯಿಲೆಗಳ ಪಟ್ಟಿಯಲ್ಲೂ ಇತ್ತು. ಆದರೆ ಆ ಕಾಯ್ದೆಯ ಪ್ರಕಾರ ಕರೆಂಟಿನಲ್ಲಿ ನಡೆಯುವ ಜಾಗ ಕಾರ್ಖಾನೆ ಅನಿಸಿಕೊಳ್ಳಲು ಹತ್ತು ಜನವಾದರೂ ಕೆಲಸಕ್ಕಿರಬೇಕಿತ್ತು. ಮಿಲ್ಲಿನಲ್ಲಿ ಇದ್ದದ್ದು ಅಪ್ಪ ಒಬ್ಬರೇ. 2000ದ ಶಬ್ದ ಮಾಲಿನ್ಯ ನಿಯಮಗಳು ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಅಂತ ಹೇಳುತ್ತವೆ. ಅವು ಸದ್ದಿನ ಸುತ್ತ ಇರುವವರನ್ನು ಕಾಯುವ ನಿಯಮಗಳು. ಸದ್ದಿನ ಒಳಗೆ ಕೂತವನಿಗೆ ಒಂದು ಚೂರು ಹತ್ತಿ ಕೊಡು ಅಂತ ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ದಸರಾ ರಜೆಯಲ್ಲಿ ಅಲ್ಲೇ ಕೂತು ಡಬ್ಬ ಹಿಡಿಯುತ್ತಿದ್ದವನು ನಾನು.

ಊರಿಗೆ ಹೋದಾಗ, ಈಗ ಬೇರೆಯವರು ನಡೆಸುತ್ತಿರುವ ಆ ಮಿಲ್ಲಿಗೆ ಫೋನ್ ಹಿಡಿದು ಹೋದೆ. ಫೋನಿನ ಆ್ಯಪ್ ಪೂರ್ತಿ ನಂಬುವ ಹಾಗಿಲ್ಲ, ಆದರೂ 94 ತೋರಿಸಿತು. ವಾಪಸ್ ಬರುವಾಗ ಬಸ್ಸಿನಲ್ಲಿ ನನ್ನ ಇಯರ್‌ಫೋನಿನ ಲೆಕ್ಕವನ್ನೂ ತೆಗೆದು ನೋಡಿದೆ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ವಾರಕ್ಕೆ 40 ಗಂಟೆ, 80 ಡೆಸಿಬಲ್. ಮೂರು ಡೆಸಿಬಲ್ ಏರಿಸಿದರೆ ಸಮಯ ಅರ್ಧ ಆಗಬೇಕು: 83ಕ್ಕೆ 20 ಗಂಟೆ, 86ಕ್ಕೆ 10. ಮೆಟ್ರೋ ಸದ್ದು ಮುಚ್ಚೋಕೆ ಅಂತ ನಾವು ಏರಿಸುವ ಎರಡು ಗೀಟು ಎಲ್ಲಿಗೆ ಹೋಗುತ್ತೆ ಅಂತ ನೀವೇ ನಿಮ್ಮ ಫೋನಿನಲ್ಲಿ ನೋಡಿಕೊಳ್ಳಿ. ಅಪ್ಪನಿಗೆ ಬೇರೆ ದಾರಿ ಇರಲಿಲ್ಲ. ನಮಗೆ ಇದೆ.

ಡೆಸಿಬಲ್ಲಿನಲ್ಲಿ ಹೆಸರು ಉಳಿಸಿಕೊಂಡ ಬೆಲ್ ಬಗ್ಗೆ ಒಂದು ಮಾತು ಹೇಳಿ ಮುಗಿಸ್ತೀನಿ. ಆತನ ತಾಯಿ ಎಲೈಜಾಗೆ ಕಿವಿ ಬಹಳ ಮಂದ. ಹೆಂಡತಿ ಮೇಬಲ್ ಐದನೇ ವಯಸ್ಸಿನಲ್ಲಿ ಜ್ವರ ಬಂದು ಪೂರ್ತಿ ಕಿವಿ ಕಳೆದುಕೊಂಡವಳು. ಬೆಲ್ ಕಿವುಡ ಮಕ್ಕಳಿಗೆ ಪಾಠ ಹೇಳುತ್ತಿದ್ದ ಮೇಷ್ಟ್ರು. ಅವರಿಗೆ ಸನ್ನೆ ಭಾಷೆ ಬೇಡ, ಬಾಯಿ ಮಾತೇ ಕಲಿಸಬೇಕು ಅಂತ ಹಟ ಹಿಡಿದಿದ್ದಕ್ಕೆ ಕಿವುಡ ಸಮುದಾಯದವರು ಆತನನ್ನು ಇವತ್ತಿಗೂ ಟೀಕಿಸುತ್ತಾರೆ, ಅದರಲ್ಲಿ ನ್ಯಾಯ ಇದೆ. ಆದರೆ ಹುಡುಗನಾಗಿದ್ದಾಗ ಆತ ತಾಯಿಯ ಜೊತೆ ಮಾತಾಡುತ್ತಿದ್ದ ರೀತಿ ನನಗೆ ಹಿಡಿಸಿತು. ಬೇರೆಯವರು ಆಕೆಯ ಕೊಳವೆಯೊಳಗೆ ಕೂಗುತ್ತಿದ್ದರೆ, ಈತ ಹತ್ತಿರ ಹೋಗಿ ತಾಯಿಯ ಹಣೆಯ ಬಳಿ ತಗ್ಗಿದ ದನಿಯಲ್ಲಿ ಮೆಲ್ಲಗೆ ಮಾತಾಡುತ್ತಿದ್ದನಂತೆ. ಆಕೆಗೆ ಅರ್ಥವಾಗುತ್ತಿತ್ತು.

ಅಪ್ಪನಿಗೆ ಈಗ ಹಿಯರಿಂಗ್ ಏಡ್ ಇದೆ. ಮೆಲ್ಲನೆ ಸದ್ದನ್ನು ಜಾಸ್ತಿ, ಜೋರು ಸದ್ದನ್ನು ಕಮ್ಮಿ ಏರಿಸುವ ಹಾಗೆ ಅದನ್ನು ಹೊಂದಿಸಿದ್ದಾರೆ. ಹಾಕಿಕೊಂಡ ದಿನ "ಫ್ಯಾನು ಇಷ್ಟು ಸದ್ದು ಮಾಡುತ್ತಾ?" ಅಂತ ಆಶ್ಚರ್ಯಪಟ್ಟರು. ಈಗಲೂ ಅರ್ಧ ದಿನ ತೆಗೆದಿಡ್ತಾರೆ, ಕಿರಿಕಿರಿ ಅಂತ. ನಾನು ಹಾಲಿನ ಆ ತುದಿಯಿಂದ ಕೂಗೋದು ಬಿಟ್ಟಿದ್ದೀನಿ. ಎದ್ದು ಹೋಗಿ, ಪಕ್ಕದಲ್ಲಿ ಕೂತು, ಮುಖ ಕಾಣೋ ಹಾಗೆ ನಿಧಾನಕ್ಕೆ ಹೇಳ್ತೀನಿ. ಕೆಲವು ಸಲ ಮರೆತು ಕೂಗ್ತೀನಿ, ಅವರು ಬೈತಾರೆ.

ಕೊಬ್ಬರಿ ರೇಟು ಮಾತ್ರ ಈಗಲೂ ಇಡೀ ಫ್ಲೋರಿಗೆ ಕೇಳಿಸುತ್ತೆ. ಮೊನ್ನೆ ಮೀಟಿಂಗಿನಲ್ಲಿ ಮತ್ತೆ ಯಾರೋ ನಕ್ಕರು. ನಾನು ಮ್ಯೂಟ್ ಒತ್ತಲಿಲ್ಲ. "ನಮ್ಮಪ್ಪ. ಇಪ್ಪತ್ತಾರು ವರ್ಷ ರಾಗಿ ಮಿಲ್ಲು ನಡೆಸಿದಾರೆ, ಕಿವಿ ಸ್ವಲ್ಪ ಹೋಗಿದೆ" ಅಂದೆ. ಒಂದು ಕ್ಷಣ ಎಲ್ಲರೂ ಸುಮ್ಮನಾದರು. ಆಮೇಲೆ ಅದೇ ಹುಡುಗಿ, "ನಮ್ಮಮ್ಮನೂ ಪವರ್‌ಲೂಮ್‌ನಲ್ಲಿದ್ರು. ಅವರದ್ದೂ ಹಿಂಗೇ ದನಿ" ಅಂದಳು. ಟೆಸ್ಟ್ ಮಾಡಿಸಿದ್ರಾ ಅಂತ ಕೇಳಿದೆ. ಇಲ್ಲ ಅಂದಳು. ವಿಳಾಸ ಕಳಿಸಿದ್ದೀನಿ.